ಮರಳಿನೇಟಿಗೆ ಬಗ್ಗಿಯ ಕವಚ

ಪಿಕಪ್ ಟ್ರಕ್ಕಿನ ಸರಕು ತೊಟ್ಟಿಗೆಂದು ಹುಟ್ಟಿದ ಒರಟು ಲೇಪವೊಂದು ಮರಳುದಿಬ್ಬಗಳಲ್ಲಿ ಓಡುವ ಡ್ಯೂನ್ ಬಗ್ಗಿಯ ಮೈಗೂ ಏರಿದೆ. ಅದು ಕಲ್ಲಿನೇಟನ್ನು ತಡೆಯುತ್ತದೆ, ಆದರೆ ಫೈಬರ್‌ಗ್ಲಾಸಿನ ಬಿರುಕನ್ನೂ ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ. ಈ ಲೇಪವನ್ನು ಎಲ್ಲಿ ಬಳಿಯಬೇಕು, ಎಲ್ಲಿ ಕೈ ತಡೆಯಬೇಕು?

ಅಕ್ಟೋಬರ್ ಬಂದು ಕ್ಯಾಲಿಫೋರ್ನಿಯದ ಆಗ್ನೇಯ ಮೂಲೆಯ ಉರಿಬಿಸಿಲು ತಣಿಯತೊಡಗಿದಂತೆ, ಮೆಕ್ಸಿಕೊ ಗಡಿಯವರೆಗೆ ಸುಮಾರು 70 ಕಿ.ಮೀ. ಉದ್ದಕ್ಕೆ ಹಬ್ಬಿರುವ ಆಲ್ಗೊಡೋನ್ಸ್ ಮರಳುದಿಬ್ಬಗಳ ನಡುವೆ ಎಂಜಿನ್‌ಗಳ ಸದ್ದು ಏಳುತ್ತದೆ. ದಿಬ್ಬದ ನೆತ್ತಿಗೇರಿದ ಗಿಡ್ಡ ವಾಹನ ಮೂತಿಯನ್ನು ಆಕಾಶಕ್ಕೆತ್ತಿ, ಕ್ಷಣಕಾಲ ತಡೆದು, ಆಚೆಯ ಇಳಿಜಾರಿಗೆ ಧುಮುಕುವಾಗ ಅದರ ಅಗಲವಾದ ಹಿಂದಿನ ಚಕ್ರಗಳು ಎರಚುವ ಮರಳು ಬಾಗಿದ ಮಡ್‌ಗಾರ್ಡಿನ ಒಳಮೈಗೆ ಅಪ್ಪಳಿಸುತ್ತದೆ. ಮಡ್‌ಗಾರ್ಡಿಗೆ ಸಿಗದೆ ಹಾರಿದ್ದು ಹಿಂದೆ ಬರುವ ವಾಹನದ ಮೂತಿಗೆ ತಾಗುತ್ತದೆ.

ಈ ಮರಳಿನ ಬಹುಭಾಗ ಸ್ಫಟಿಕಶಿಲೆಯ ಕಣಗಳು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕಶಿಲೆಯ ಸ್ಥಾನ 7 ಆಗಿದ್ದು, ಕಿಟಕಿಯ ಗಾಜು ಕೂಡ ಅದರ ಮುಂದೆ ಮೆತುವಾದದ್ದೇ ಆದ್ದರಿಂದ, ಒಂದೆರಡು ಋತುಗಳಲ್ಲಿಯೇ ಬಗ್ಗಿಯ ಮೈಯ ಹೊಳಪು ಮಂಕಾಗಿ, ಮುಂದಿನ ಅಂಚುಗಳಲ್ಲಿ ಬಣ್ಣ ಸವೆದು, ಒಳಗಿನ ಪದರ ಇಣುಕತೊಡಗುತ್ತದೆ.

ದಿಬ್ಬಗಳ ಋತು ಏಪ್ರಿಲ್ ಹೊತ್ತಿಗೆ ಮುಗಿದು ವಾಹನಗಳು ಮನೆಯ ಶೆಡ್ಡಿಗೆ ಮರಳಿದಾಗ, ಮಾಲೀಕರ ಮುಂದೆ ಏಳುವ ಪ್ರಶ್ನೆ ಇದೇ: ಮತ್ತೆ ಬಣ್ಣ ಹೊಡೆಸುವುದೋ, ಇಲ್ಲವೇ ಟ್ರಕ್ಕಿನ ತೊಟ್ಟಿಗೆ ಬಳಿಯುವ ಬೆಡ್ ಲೈನರ್ ಎಂಬ ದಪ್ಪ ಲೇಪವನ್ನು ಇಡೀ ಮೈಗೆ ಸಿಂಪಡಿಸಿ ಒಮ್ಮೆಗೇ ಚಿಂತೆ ಕಳೆದುಕೊಳ್ಳುವುದೋ? ಎರಡನೆಯ ದಾರಿ ಸುಲಭವಾಗಿ ಕಾಣುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಸರಿಯಾದ ದಾರಿಯೇ ಎಂದು ತೀರ್ಮಾನಿಸಬೇಕಾದರೆ ಮೊದಲು ಬಗ್ಗಿಯ ಮೈ ಯಾವುದರಿಂದ ಆದದ್ದು, ಏಕೆ ಹಾಗೆ ಆಯಿತು ಎಂಬುದನ್ನು ನೋಡಬೇಕು.

ದೋಣಿ ಕಟ್ಟುವವನ ಕೈಯಿಂದ

ಇಂದು ಡ್ಯೂನ್ ಬಗ್ಗಿ ಎಂದೊಡನೆ ಕಣ್ಣಿಗೆ ಬರುವ ಆಕಾರ, ಅಂದರೆ ಮೇಲಕ್ಕೆ ಉಬ್ಬಿದ ಮಡ್‌ಗಾರ್ಡುಗಳು, ಬಾಗಿಲಿಲ್ಲದ ತೊಟ್ಟಿಯಂಥ ಒಡಲು ಮತ್ತು ಮೊಟಕಾದ ಹಿಂಭಾಗ, ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬೀಚಿನಲ್ಲಿ ಬ್ರೂಸ್ ಮೇಯರ್ಸ್ ಎಂಬ ಕುಶಲಿ 1964ರಲ್ಲಿ ಪೂರ್ಣಗೊಳಿಸಿದ ಒಂದು ಕೆಂಪು ವಾಹನದಿಂದ ಹರಿದು ಬಂದದ್ದು. 1926ರಲ್ಲಿ ಹುಟ್ಟಿದ ಮೇಯರ್ಸ್ ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು, 1945ರ ಮೇ 11ರಂದು ಜಪಾನಿನ ಆತ್ಮಾಹುತಿ ವಿಮಾನಗಳ ದಾಳಿಗೆ ಸಿಕ್ಕಿದ ಬಂಕರ್ ಹಿಲ್ ಎಂಬ ವಿಮಾನವಾಹಕ ನೌಕೆಯಿಂದ ಬದುಕಿ ಬಂದವರು. ಯುದ್ಧಾನಂತರ ಕಲೆಯನ್ನು ಕಲಿತು, ಫೈಬರ್‌ಗ್ಲಾಸ್ ದೋಣಿಗಳನ್ನು ಕಟ್ಟುವ ಕೆಲಸದಲ್ಲಿ ಕೈ ಪಳಗಿಸಿಕೊಂಡವರು.

ಆ ದೋಣಿಯ ಅನುಭವವೇ ಬಗ್ಗಿಯ ಮೈಯಾಯಿತು. ಗಾಜಿನ ಸೂಕ್ಷ್ಮ ಎಳೆಗಳ ಚಾಪೆಯನ್ನು ಅಚ್ಚಿನೊಳಗೆ ಹಾಸಿ, ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಎಂಬ ದ್ರವ ರಾಳವನ್ನು ಉಣಿಸಿ, ಅದು ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ ತೆಗೆದರೆ ಸಿಗುವ ಸಂಯುಕ್ತ ವಸ್ತುವೇ ಫೈಬರ್‌ಗ್ಲಾಸ್. ಅಚ್ಚಿಗೆ ಎಲ್ಲಕ್ಕಿಂತ ಮೊದಲು ಬಳಿಯುವ, ಸುಮಾರು ಅರ್ಧ ಮಿ.ಮೀ. ದಪ್ಪದ, ಬಣ್ಣ ಬೆರೆತ ರಾಳದ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಮೈ ಅಚ್ಚಿನಿಂದ ಹೊರಬಂದಾಗ ಇದೇ ಹೊರಗಿನ ಹೊಳೆಯುವ ತೊಗಲಾಗುತ್ತದೆ. ಬಗ್ಗಿಯ ಬಣ್ಣವೆಂದರೆ ಮೇಲೆ ಬಳಿದದ್ದಲ್ಲ, ಮೈಯೊಂದಿಗೇ ಹುಟ್ಟಿದ್ದು ಎಂಬ ಈ ಸಂಗತಿ ಮುಂದಿನ ಚರ್ಚೆಗೆ ಮುಖ್ಯವಾದದ್ದು.

ಮೊದಲ ಹನ್ನೆರಡು ಮೈಗಳಲ್ಲಿ ಪ್ರತ್ಯೇಕ ಚಾಸಿಸ್ ಇರಲಿಲ್ಲ. ಮೈಯೇ ಚೌಕಟ್ಟಿನ ಕೆಲಸವನ್ನೂ ಮಾಡುತ್ತಿತ್ತು. ಅದು ದುಬಾರಿಯೂ ತಯಾರಿಸಲು ತೊಡಕಿನದೂ ಆಗಿದ್ದರಿಂದ ಮೇಯರ್ಸ್ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಉಕ್ಕಿನ ತಳವನ್ನು 14.25 ಇಂಚು, ಅಂದರೆ ಸುಮಾರು 36 ಸೆಂ.ಮೀ., ಕತ್ತರಿಸಿ ಮೋಟು ಮಾಡಿ ಮತ್ತೆ ಬೆಸೆದು, ಅದರ ಮೇಲೆ ಫೈಬರ್‌ಗ್ಲಾಸ್ ಮೈಯನ್ನು ಬೋಲ್ಟುಗಳಿಂದ ಬಿಗಿಯುವ ಕ್ರಮಕ್ಕೆ ಬಂದರು. ಬಾಲವಿಲ್ಲದ ಬೆಕ್ಕಿನ ತಳಿಯೊಂದರ ಹೆಸರನ್ನು ಹೊತ್ತು ಅದು ಮೇಯರ್ಸ್ ಮ್ಯಾಂಕ್ಸ್ ಆಯಿತು. ಐದಾರು ಸಾವಿರ ಕಿಟ್‌ಗಳು ಮಾರಾಟವಾದವು. ಪೇಟೆಂಟ್ ನ್ಯಾಯಾಲಯದಲ್ಲಿ ನಿಲ್ಲದೆ ಹೋದುದರಿಂದ ನಕಲುಗಳು ಅದರ ಎಷ್ಟೋ ಪಟ್ಟು ಹುಟ್ಟಿಕೊಂಡು, 1971ರಲ್ಲಿ ಮೂಲ ಕಂಪನಿಯೇ ಮುಚ್ಚಿತು.

ಹೀಗಾಗಿ ಇಂದು ಶೆಡ್ಡುಗಳಲ್ಲಿರುವ ಹಳೆಯ ಬಗ್ಗಿಗಳಲ್ಲಿ ಹೆಚ್ಚಿನವು ಅರ್ಧ ಶತಮಾನ ದಾಟಿದ, ಬೇರೆ ಬೇರೆ ಕೈಗಳಲ್ಲಿ ಬೇರೆ ಬೇರೆ ದಪ್ಪಕ್ಕೆ ಎರಕಗೊಂಡ ಮೈಗಳು. ಅವುಗಳ ಆರೋಗ್ಯ ಒಂದೇ ತೆರನಾಗಿಲ್ಲ.

> ಚೌಕಟ್ಟು: ಹಳೆಯ ಕೆಂಪು ಬಗ್ಗಿಯ ಓಟ
>
> 'ಓಲ್ಡ್ ರೆಡ್' ಎಂದು ಕರೆಯುವ ಮೇಯರ್ಸರ ಮೊದಲ ಬಗ್ಗಿ 1967ರ ಏಪ್ರಿಲ್‌ನಲ್ಲಿ ಮೆಕ್ಸಿಕೊದ ಬಾಹಾ ಪರ್ಯಾಯ ದ್ವೀಪದ ಲಾ ಪಾಸ್‌ನಿಂದ ಟಿಹ್ವಾನಾದವರೆಗಿನ ದುರ್ಗಮ ದಾರಿಯನ್ನು 34 ಗಂಟೆ 45 ನಿಮಿಷಗಳಲ್ಲಿ ಕ್ರಮಿಸಿ, ಅದುವರೆಗಿನ ಮೋಟಾರ್‌ಸೈಕಲ್ ದಾಖಲೆಯನ್ನು ಐದು ಗಂಟೆಗೂ ಹೆಚ್ಚಿನ ಅಂತರದಿಂದ ಮುರಿಯಿತು. ಅದೇ ವರ್ಷ ನಡೆದ ಮೊದಲ 'ಮೆಕ್ಸಿಕನ್ 1000' ಸ್ಪರ್ಧೆಯನ್ನು ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗಲ್ಸ್ ಮ್ಯಾಂಕ್ಸ್ ಬಗ್ಗಿಯಲ್ಲಿ 27 ಗಂಟೆ 38 ನಿಮಿಷಗಳಲ್ಲಿ ಗೆದ್ದರು. 2014ರಲ್ಲಿ ಓಲ್ಡ್ ರೆಡ್ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿತು. ಮೇಯರ್ಸ್ 2021ರ ಫೆಬ್ರವರಿಯಲ್ಲಿ, 94ನೆಯ ವಯಸ್ಸಿನಲ್ಲಿ ನಿಧನರಾದರು.

ತೊಟ್ಟಿಗೆ ಬಂದ ಲೇಪ

ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರನ್ನು ಕಾರ್ಖಾನೆಯಲ್ಲಿಯೇ ಪಿಕಪ್ ತೊಟ್ಟಿಯೊಡನೆ ಮಾರಲು ತೊಡಗಿದ ದಿನದಿಂದಲೂ ಆ ತೊಟ್ಟಿಯ ತಳ ಸಲಿಕೆ, ಕಲ್ಲು, ಕಬ್ಬಿಣಗಳ ಪೆಟ್ಟನ್ನು ತಿನ್ನುತ್ತ ಬಂದಿದೆ. ಅದರ ರಕ್ಷಣೆಗೆ ಮೊದಲು ವ್ಯಾಪಕವಾಗಿ ಬಂದದ್ದು ತೊಟ್ಟಿಯ ಆಕಾರಕ್ಕೇ ಎರೆದ ಪ್ಲಾಸ್ಟಿಕ್ ಹಾಸು. ಆದರೆ ಹಾಸು ಮತ್ತು ಉಕ್ಕಿನ ನಡುವೆ ನೀರೂ ದೂಳೂ ಸೇರಿ, ವಾಹನದ ಅದುರಾಟಕ್ಕೆ ಹಾಸು ತಿಕ್ಕಿ ತಿಕ್ಕಿ ಬಣ್ಣವನ್ನು ಕಿತ್ತು, ರಕ್ಷಿಸಬೇಕಾದ ಲೋಹವನ್ನೇ ತುಕ್ಕಿಗೆ ಒಪ್ಪಿಸಿದ ಉದಾಹರಣೆಗಳು ಹೆಚ್ಚಿದಾಗ, ಲೋಹಕ್ಕೆ ಬಿಗಿಯಾಗಿ ಅಂಟಿ ಕೂರುವ ಸಿಂಪಡಿಕೆಯ ಲೇಪಗಳಿಗೆ ಬೇಡಿಕೆ ಬಂದಿತು. ರೈನೋ ಲೈನಿಂಗ್ಸ್, ಲೈನ್-ಎಕ್ಸ್ ಮುಂತಾದ ಹೆಸರುಗಳು 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದವು.

ಈ ಲೇಪಗಳ ರಸಾಯನಶಾಸ್ತ್ರದ ಮೂಲ ಜರ್ಮನಿಯಲ್ಲಿದೆ. ಓಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಐಸೊಸಯನೇಟ್ ಎಂಬ ಚುರುಕು ಗುಂಪುಳ್ಳ ಸಂಯುಕ್ತಗಳನ್ನು ಆಲ್ಕೊಹಾಲ್ ಗುಂಪುಳ್ಳ ಪಾಲಿಯಾಲ್‌ಗಳೊಡನೆ ಬೆಸೆದು ಪಾಲಿಯುರಿಥೇನ್ ಎಂಬ ಉದ್ದ ಸರಪಳಿಯ ವಸ್ತುವನ್ನು ಪಡೆದರು. ಪಾಲಿಯಾಲ್ ಬದಲು ಅಮೈನ್ ಗುಂಪುಳ್ಳ ಸಂಯುಕ್ತವನ್ನು ಬಳಸಿದರೆ ಸಿಗುವುದು ಪಾಲಿಯೂರಿಯ; ಸಿಂಪಡಿಸಬಹುದಾದ ಪಾಲಿಯೂರಿಯ ಲೇಪ 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಎರಡೂ ರಬ್ಬರಿನಂತೆ ಹಿಗ್ಗಿ ಕುಗ್ಗಬಲ್ಲವು. ಎರಡನೆಯದು ಎಷ್ಟು ಬೇಗ ಗಟ್ಟಿಯಾಗುತ್ತದೆಂದರೆ, ಎರಡು ದ್ರವಗಳನ್ನು ಬೇರೆ ಬೇರೆ ಕೊಳವೆಗಳಲ್ಲಿ ಬಿಸಿ ಮಾಡಿ, ಅತಿಯಾದ ಒತ್ತಡದಲ್ಲಿ ತಂದು, ಗನ್ನಿನ ತುದಿಯಲ್ಲಷ್ಟೇ ಬೆರೆಸಬೇಕು. ಮೈಗೆ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಅದು ಹರಿಯುವುದನ್ನು ನಿಲ್ಲಿಸುತ್ತದೆ.

ಇಂಥ ಯಂತ್ರ ಮನೆಯ ಶೆಡ್ಡಿನಲ್ಲಿರುವುದಿಲ್ಲ. ಆದ್ದರಿಂದ ಬಗ್ಗಿಯ ಮಾಲೀಕರು ಹೆಚ್ಚಾಗಿ ಬಳಸುವುದು ಡಬ್ಬಿಯಲ್ಲಿ ಸಿಗುವ ಎರಡು ಬಗೆಯ ಲೇಪಗಳನ್ನು. ಹರ್ಕ್ಯುಲೈನರ್‌ನಂಥ ಒಂದೇ ಡಬ್ಬಿಯ ಪಾಲಿಯುರಿಥೇನ್ ಗಾಳಿಯ ತೇವಾಂಶವನ್ನು ಹೀರಿ ಗಟ್ಟಿಯಾಗುತ್ತದೆ; ಅದರಲ್ಲಿ ರಬ್ಬರಿನ ಹರಳುಗಳಿದ್ದು ರೋಲರ್‌ನಿಂದ ಉಜ್ಜಿ ಬಳಿಯಬಹುದು. ರ‍್ಯಾಪ್ಟರ್‌ನಂಥ ಎರಡು ಭಾಗಗಳ ಲೇಪದಲ್ಲಿ ಮೂರು ಪಾಲು ಮೂಲದ್ರವಕ್ಕೆ ಒಂದು ಪಾಲು ಗಟ್ಟಿಗೊಳಿಸುವ ಹಾರ್ಡ್‌ನರ್ ಬೆರೆಸಿ, ಸಾಮಾನ್ಯ ಏರ್ ಕಂಪ್ರೆಸರ್‌ಗೆ ಜೋಡಿಸಿದ ಗನ್ನಿನಿಂದ ಸಿಂಪಡಿಸಬೇಕು. ಒತ್ತಡವನ್ನು ಹೆಚ್ಚು ಕಡಿಮೆ ಮಾಡಿ ಮೇಲ್ಮೈಯ ಒರಟುತನವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು, ಬೇಕಾದ ಬಣ್ಣವನ್ನೂ ಬೆರೆಸಬಹುದು ಎಂಬುದೇ ಈ ಲೇಪ ಟ್ರಕ್ಕಿನ ತೊಟ್ಟಿಯಿಂದ ಜಿಗಿದು ಇಡೀ ವಾಹನದ ಹೊರಮೈಗೆ ಬರಲು ಕಾರಣ.

ಒಳಗಿನ ಏಟು, ಹೊರಗಿನ ನಕ್ಷತ್ರ

ಫೈಬರ್‌ಗ್ಲಾಸ್ ಮೈಯ ದೌರ್ಬಲ್ಯವನ್ನು ಬಲ್ಲವರಿಗೆ ಹಳೆಯ ಬಗ್ಗಿಯ ಮಡ್‌ಗಾರ್ಡಿನ ಮೇಲೆ ಕಾಣುವ ನಕ್ಷತ್ರಾಕಾರದ ಸಣ್ಣ ಬಿರುಕುಗಳು ಪರಿಚಿತ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಹರಡಿದ ಈ ಗೆರೆಗಳನ್ನು ನೋಡಿದವರು ಮೇಲಿನಿಂದ ಏನೋ ಬಿದ್ದಿರಬೇಕೆಂದು ಭಾವಿಸುವುದು ಸಹಜವಾದರೂ, ಅನೇಕ ಸಲ ಪೆಟ್ಟು ಬಿದ್ದಿರುವುದು ಒಳಗಿನಿಂದ: ಚಕ್ರ ಎಸೆದ ಕಲ್ಲು ಮಡ್‌ಗಾರ್ಡಿನ ತಳಕ್ಕೆ ಬಡಿದಾಗ ಗಾಜಿನೆಳೆಯ ಪದರ ಹೊರಕ್ಕೆ ಉಬ್ಬಿ ಮತ್ತೆ ತನ್ನ ಸ್ಥಾನಕ್ಕೆ ಮರಳುತ್ತದೆ, ಆದರೆ ಎಳೆಗಳಿಲ್ಲದ, ಬಿರುಸಾದ ಜೆಲ್‌ಕೋಟ್ ಆ ಹಿಗ್ಗನ್ನು ತಾಳಲಾರದೆ ಸೀಳುತ್ತದೆ.

ಬೆಡ್ ಲೈನರ್ ತನ್ನ ನಿಜವಾದ ಸಾಮರ್ಥ್ಯವನ್ನು ತೋರುವುದು ಇಲ್ಲಿಯೇ. ಮಡ್‌ಗಾರ್ಡಿನ ಒಳಮೈಗೆ ಬಳಿದ ಎರಡು ಮೂರು ಮಿ.ಮೀ. ದಪ್ಪದ ಹಿಗ್ಗುವ ಪದರ ಕಲ್ಲಿನ ಚೂಪು ಪೆಟ್ಟನ್ನು ಹರಡಿ ಮೊಂಡು ಮಾಡುವುದರಿಂದ, ಹೊರಗಿನ ಜೆಲ್‌ಕೋಟಿಗೆ ತಲುಪುವ ಸೆಳೆತ ಇಳಿಯುತ್ತದೆ. ಮರಳಿನ ಉಜ್ಜುವಿಕೆಯನ್ನು ಅದು ಗಟ್ಟಿ ಬಣ್ಣಕ್ಕಿಂತ ಚೆನ್ನಾಗಿ ತಾಳುತ್ತದೆ, ತಗಡಿನಂತೆ ಸದ್ದು ಮಾಡುವ ಮೈಯ ಗದ್ದಲವನ್ನೂ ತಗ್ಗಿಸುತ್ತದೆ. ಅಂದರೆ ಹೊರಗಿನ ಅಂದವನ್ನು ಉಳಿಸಲು ಲೇಪವನ್ನು ಹಚ್ಚಬೇಕಾದದ್ದು ಒಳಗೆ. ಬಗ್ಗಿಯ ಮೈಗೆ ಈ ಲೇಪ ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಕಾಲಿಡುವ ಒಳತೊಟ್ಟಿಗೂ ಇದೇ ಮಾತು ಸಲ್ಲುತ್ತದೆ. ಬಾಗಿಲಿಲ್ಲದ ಬಗ್ಗಿಯನ್ನು ಹತ್ತುವವರು ಬದಿಯ ಅಂಚನ್ನು ದಾಟಿ ಒಳಗೆ ಕಾಲಿಡುತ್ತಾರೆ. ಮರಳು ಹತ್ತಿದ ಬೂಟಿನ ತಿಕ್ಕಾಟಕ್ಕೆ, ಒದ್ದೆಯಾದಾಗ ಜಾರುವ ಅಪಾಯಕ್ಕೆ ಒರಟು ಲೇಪ ಒಳ್ಳೆಯ ಉತ್ತರ.

ಹೊರಮೈಯ ವಿಷಯ ಬೇರೆ. ಫೈಬರ್‌ಗ್ಲಾಸಿನ ದೊಡ್ಡ ಗುಣವೆಂದರೆ ಅದು ತನ್ನ ನೋವನ್ನು ಮುಚ್ಚಿಡುವುದಿಲ್ಲ, ಮತ್ತು ಎಲ್ಲಿ ನೋವಿದೆಯೋ ಅಲ್ಲಿಯೇ ಅದನ್ನು ಸರಿಪಡಿಸಬಹುದು. ಬೋಲ್ಟಿನ ಸುತ್ತ ಬಿರುಕು ಕಂಡರೆ ಮೈ ತಳದ ಮೇಲೆ ಸಮನಾಗಿ ಕುಳಿತಿಲ್ಲವೆಂದು ತಿಳಿಯುತ್ತದೆ. ರೋಲ್ ಬಾರ್, ಅಂದರೆ ವಾಹನ ಮಗುಚಿದಾಗ ತಲೆ ಕಾಯುವ ಉಕ್ಕಿನ ಕಮಾನು, ಹಾದುಹೋಗುವ ಕಡೆ ಸೀಳು ಕಂಡರೆ ಚೌಕಟ್ಟು ಅಲುಗುತ್ತಿದೆಯೆಂದು ಗೊತ್ತಾಗುತ್ತದೆ. ಬಿರುಕನ್ನು ಕೆತ್ತಿ ತೆಗೆದು, ಹಿಂಬದಿಯಿಂದ ಹೊಸ ಗಾಜಿನ ಚಾಪೆ ಹಾಸಿ, ರಾಳ ಉಣಿಸಿ, ಉಜ್ಜಿ ನಯ ಮಾಡಿದರೆ ಮೈ ಮತ್ತೆ ಗಟ್ಟಿಯಾಗುತ್ತದೆ. ಮಲ್ಪೆ, ಗಂಗೊಳ್ಳಿಗಳ ಕಡೆಯ ಫೈಬರ್ ದೋಣಿಗಳ ರಿಪೇರಿಯನ್ನು ಕಂಡ ಕರಾವಳಿಯವರಿಗೆ ಈ ಕೆಲಸ ಹೊಸದಲ್ಲ. ಮೇಯರ್ಸ್ ಕಲಿತ ದೋಣಿಯ ಕಸುಬೂ ಇದೇ ಚಾಪೆ, ಇದೇ ರಾಳದ್ದು.

ಹೊರಮೈಗೆ ದಪ್ಪನೆಯ ಲೇಪ ಬಿದ್ದ ಮೇಲೆ ಈ ಓದು ನಿಂತುಹೋಗುತ್ತದೆ. ಲೇಪ ಹಿಗ್ಗುವ ಗುಣದ್ದಾದ್ದರಿಂದ ಕೂದಲೆಳೆಯ ಬಿರುಕಿನ ಮೇಲೆ ಸೇತುವೆಯಂತೆ ನಿಂತು ಅದನ್ನು ಮರೆಮಾಡುತ್ತದೆ, ಆದರೆ ಅದರ ಅಡಿಯಲ್ಲಿ ಗಾಜಿನೆಳೆಗಳ ಪದರ ಬೇರೆಯಾಗುತ್ತಿದ್ದರೆ ಅದನ್ನು ತಡೆಯುವ ಬಲ ಅದಕ್ಕಿಲ್ಲ. ಬಿರುಕನ್ನು ಮುಚ್ಚಿದ್ದೇ ಬಿರುಕನ್ನು ಬೆಸೆದಂತಾಯಿತೆಂಬ ನಂಬಿಕೆಯಿಂದ ಲೇಪ ಬಳಿಸುವವರು ಕಡಿಮೆಯಿಲ್ಲವಾದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ: ಬೆಡ್ ಲೈನರ್ ಒಂದು ತೊಡಿಗೆಯೇ ಹೊರತು ಮೂಳೆಯಲ್ಲ. ಮುಂದೆ ಎಂದಾದರೂ ಆ ಜಾಗವನ್ನು ರಿಪೇರಿ ಮಾಡಬೇಕಾದರೆ ರಾಳ ಹಿಡಿಯುವಂತಾಗಲು ಲೇಪವನ್ನು ಪೂರ್ತಿ ತೆಗೆಯಬೇಕು, ಮತ್ತು ಬಣ್ಣ ತೆಗೆಯುವ ತೀಕ್ಷ್ಣ ದ್ರಾವಕಗಳು ಪಾಲಿಯೆಸ್ಟರ್ ರಾಳವನ್ನೂ ತಿನ್ನುವುದರಿಂದ ಉಜ್ಜಿ ಕೆತ್ತುವುದೊಂದೇ ದಾರಿಯಾಗಿ, ಲೇಪದೊಡನೆ ಜೆಲ್‌ಕೋಟೂ ಕಿತ್ತುಹೋಗುತ್ತದೆ.

1960ರ ದಶಕದ ಬಗ್ಗಿಗಳಲ್ಲಿ ಅನೇಕವು ಮೆಟಲ್‌ಫ್ಲೇಕ್, ಅಂದರೆ ಹೊಳೆಯುವ ಸೂಕ್ಷ್ಮ ತುಣುಕುಗಳನ್ನು ಬೆರೆಸಿದ ಜೆಲ್‌ಕೋಟಿನಿಂದ ಹುಟ್ಟಿದವು. ಬಿಸಿಲಿನಲ್ಲಿ ಮಿಂಚುವ ಆ ತೊಗಲನ್ನು ಉಜ್ಜಿ, ಕಪ್ಪು ಒರಟು ಲೇಪದಡಿ ಹೂಳಿದ ಮೇಲೆ ಅದೇ ತೊಗಲು ಮರಳಿ ಬರುವುದಿಲ್ಲ. ಅಸಲಿ ಮ್ಯಾಂಕ್ಸ್ ಮೈಗಳ ಮಟ್ಟಿಗಂತೂ ಇದು ಸರಿಪಡಿಸಲಾಗದ ನಷ್ಟ.

> ಚೌಕಟ್ಟು: ಹಗುರ ಮೈಗೆ ಎಷ್ಟು ಭಾರ?
>
> ಗಟ್ಟಿಯಾದ ಪಾಲಿಯೂರಿಯದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು. ಆದ್ದರಿಂದ ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ದಪ್ಪ ಬಳಿದರೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಭಾರ ಸೇರುತ್ತದೆ. ಒಳಗೂ ಹೊರಗೂ ಸೇರಿ ಆರು ಚದರ ಮೀಟರಿಗೆ ಮೂರು ಮಿ.ಮೀ. ದಪ್ಪ ಸಿಂಪಡಿಸಿದರೆ ಹದಿನೆಂಟು, ಇಪ್ಪತ್ತು ಕಿಲೋ ಏರುತ್ತದೆ. ಅಷ್ಟೇ ಜಾಗಕ್ಕೆ ಸಾಮಾನ್ಯ ಬಣ್ಣದ ಒಣಗಿದ ಪದರ ಒಂದು ಕಿಲೋ ಸುಮಾರಿನದು. ಮರಳಿನಲ್ಲಿ ಹೂತುಹೋಗದೆ ಓಡಲು ಹಗುರತನವನ್ನೇ ನೆಚ್ಚಿದ ವಾಹನಕ್ಕೆ ಇದು ಕಡೆಗಣಿಸುವ ಲೆಕ್ಕವಲ್ಲ.

ಬಿಸಿಲಿನ ಪ್ರಶ್ನೆಯೂ ಇದೆ. ಅಗ್ಗದ ಲೇಪಗಳಲ್ಲಿ ಬಳಸುವ ಆರೊಮ್ಯಾಟಿಕ್ ವರ್ಗದ, ಅಂದರೆ ಬೆಂಜೀನ್ ಉಂಗುರವುಳ್ಳ ಐಸೊಸಯನೇಟ್‌ಗಳು ಸೂರ್ಯನ ನೇರಳಾತೀತ ಕಿರಣಕ್ಕೆ ಬೇಗ ಮಣಿದು ಬಣ್ಣ ಕಳೆದುಕೊಂಡು ಬೂದಿ ಹಿಡಿದಂತಾಗುತ್ತವೆ. ಉಂಗುರವಿಲ್ಲದ ಆಲಿಫ್ಯಾಟಿಕ್ ವರ್ಗದವು ದುಬಾರಿಯಾದರೂ ಬಣ್ಣವನ್ನು ಉಳಿಸಿಕೊಳ್ಳುತ್ತವೆ. ಮರುಭೂಮಿಯ ಬಿಸಿಲಿನಲ್ಲಿ ನಿಲ್ಲುವ ಕಪ್ಪು ಮೈ ಹೀರುವ ಶಾಖ ಅದರ ಅಡಿಯ ಪಾಲಿಯೆಸ್ಟರ್ ರಾಳಕ್ಕೂ ಒಳ್ಳೆಯದಲ್ಲ. ಕಾಲಕ್ರಮೇಣ ಗಾಜಿನ ಚಾಪೆಯ ನೇಯ್ಗೆ ಮೇಲ್ಮೈಯಲ್ಲಿ ಮೂಡುವುದು ಗಾಢ ಬಣ್ಣದ ಫೈಬರ್‌ಗ್ಲಾಸಿನಲ್ಲಿ ಕಂಡುಬರುವ ಸಮಸ್ಯೆ. ಹೊರಮೈಗೇ ಲೇಪ ಬೇಕೆನ್ನುವವರು ತಿಳಿಬಣ್ಣದ, ಆಲಿಫ್ಯಾಟಿಕ್ ವರ್ಗದ, ತೆಳುವಾದ ಸಿಂಪಡಿಕೆಯನ್ನು ಆರಿಸಿಕೊಂಡರೆ ಕೇಡು ಕಡಿಮೆ. ಒರಟು ಮೇಲ್ಮೈಯ ಕುಳಿಗಳಲ್ಲಿ ಕೂತ ಕೆಸರನ್ನು ಬಟ್ಟೆಯಿಂದ ಒರೆಸಲಾಗದು, ನೀರಿನ ರಭಸದಿಂದಲೇ ಬಿಡಿಸಬೇಕೆಂಬುದೂ ಅವರಿಗೆ ತಿಳಿದಿರಲಿ.

ಗನ್ ಹಿಡಿಯುವ ಮುನ್ನ

ಕಿತ್ತುಬರುವ ಲೇಪಗಳ ಕಥೆಯನ್ನು ಹಿಂದಕ್ಕೆ ಹೋಗಿ ನೋಡಿದರೆ ತಪ್ಪು ಬಹುಪಾಲು ಡಬ್ಬಿಯೊಳಗಿನ ವಸ್ತುವಿನದಾಗಿರದೆ ಮೈಯ ಸಿದ್ಧತೆಯದಾಗಿರುತ್ತದೆ. ಅಚ್ಚಿನಿಂದ ಮೈ ಸಲೀಸಾಗಿ ಬಿಡಲೆಂದು ಮೊದಲೇ ಅಚ್ಚಿಗೆ ಮೇಣ ಸವರಿರುತ್ತಾರಾದ್ದರಿಂದ ಹೊಸ ಬಗ್ಗಿಯ ಮೈಯ ಮೇಲೂ ಆ ಮೇಣದ ಅಂಶ ಉಳಿದಿರುತ್ತದೆ. ಹಳೆಯದರ ಮೇಲೆ ಪಾಲಿಷ್, ಎಣ್ಣೆ, ಗ್ರೀಸುಗಳು ಕೂತಿರುತ್ತವೆ. ಇವನ್ನು ಜಿಡ್ಡು ತೆಗೆಯುವ ದ್ರಾವಕದಿಂದ ಒರೆಸದೆ ನೇರವಾಗಿ ಉಪ್ಪುಕಾಗದದಿಂದ ಉಜ್ಜಿದರೆ ಮೇಣ ಗೀರುಗಳೊಳಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ತೊಳೆಯುವುದು ಮೊದಲು, ಉಜ್ಜುವುದು ಆಮೇಲೆ, ಮತ್ತೊಮ್ಮೆ ಒರೆಸುವುದು ಕೊನೆಗೆ.

ಉಜ್ಜುವಾಗ ಹೊಳಪು ಪೂರ್ತಿ ಹೋಗಿ ಮೈ ಒಂದೇ ಸಮನೆ ಮಂಕಾಗಬೇಕು, ಆದರೆ ಜೆಲ್‌ಕೋಟ್ ಸವೆದು ಗಾಜಿನೆಳೆ ಹೊರಬೀಳಬಾರದು. ಬಿದ್ದರೆ ಅಲ್ಲಿ ಎಪಾಕ್ಸಿ ಪ್ರೈಮರ್, ಅಂದರೆ ಬಿಗಿಯಾಗಿ ಅಂಟುವ ಎರಡು ಭಾಗಗಳ ತಳಪದರ, ಬೇಕಾಗುತ್ತದೆ. ಬಿರುಕುಗಳನ್ನೆಲ್ಲ ಈ ಹಂತದಲ್ಲಿಯೇ ರಾಳ ಮತ್ತು ಚಾಪೆಯಿಂದ ಸರಿಪಡಿಸಿ ಮುಗಿಸಬೇಕು. ಫೈಬರ್‌ಗ್ಲಾಸಿನ ದೂಳು ತೊಗಲನ್ನೂ ಶ್ವಾಸನಾಳವನ್ನೂ ಕೆರಳಿಸುವುದರಿಂದ ಮುಖವಾಡವಿಲ್ಲದೆ ಈ ಕೆಲಸಕ್ಕೆ ಕೂರಬಾರದು.

ಮರೆತರೆ ಆಮೇಲೆ ಕಾಡುವ ಕೆಲವು ಜಾಗಗಳಿವೆ. ಬೀಟಲ್ ತಳದ ಗುರುತಿನ ಸಂಖ್ಯೆಯನ್ನು ಹಿಂದಿನ ಸೀಟಿನ ಅಡಿಯಲ್ಲಿ, ನಡುವಿನ ಉಕ್ಕಿನ ಸುರಂಗದ ಮೇಲೆ ಕೆತ್ತಿರುತ್ತಾರೆ. ಬಗ್ಗಿಯ ನೋಂದಣಿಗೆ ಆಧಾರವಾದ ಆ ಅಂಕಿಗಳ ಮೇಲೆ ಮೂರು ಮಿ.ಮೀ. ಲೇಪ ಬಿದ್ದರೆ ವಾಹನದ ಗುರುತೇ ಅಳಿಸಿದಂತೆ. ಫೈಬರ್‌ಗ್ಲಾಸ್ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ದೀಪ ಮತ್ತು ಸ್ಟಾರ್ಟರ್‌ಗಳ ಅರ್ಥ್ ತಂತಿಗಳೆಲ್ಲ ಉಕ್ಕಿನ ತಳಕ್ಕೇ ಬರುತ್ತವೆ. ಆ ಬಿಂದುಗಳು ಬರಿಯ ಲೋಹವಾಗಿಯೇ ಉಳಿಯಬೇಕು. ಮೈ ಮತ್ತು ತಳ ಕೂಡುವ ಅಂಚು, ಬೋಲ್ಟಿನ ತೂತು, ಹುಡ್ಡಿನ ಅಂಚುಗಳಲ್ಲಿ ಲೇಪ ದಪ್ಪವಾದರೆ ಭಾಗಗಳು ಮತ್ತೆ ಸರಿಯಾಗಿ ಕೂರುವುದಿಲ್ಲ. ಸೈಲೆನ್ಸರ್‌ನ ಹತ್ತಿರದ ಜಾಗಗಳಲ್ಲಿ ಶಾಖ ಲೇಪವನ್ನು ಮೆತ್ತಗಾಗಿಸುವುದರಿಂದ ಅವನ್ನೂ ಬಿಡಬೇಕು.

ಉಕ್ಕಿನ ತಳಕ್ಕೆ ಬಳಿಯುವಾಗ ಇನ್ನೊಂದು ಎಚ್ಚರ ಬೇಕು. ಬೀಟಲ್‌ನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿದ್ದುದರಿಂದ ಆಮ್ಲ ತುಳುಕಿ ಅಲ್ಲಿಯ ತಗಡು ತುಕ್ಕು ಹಿಡಿಯುವುದು ಸರ್ವೇಸಾಮಾನ್ಯ. ತುಕ್ಕನ್ನು ಕೆರೆದು ಲೋಹ ಕಾಣಿಸುವವರೆಗೆ ಹೋಗದೆ ಮೇಲೆ ಲೇಪ ಎಳೆದರೆ, ಹಿಂದೆ ಪ್ಲಾಸ್ಟಿಕ್ ಹಾಸಿನ ಅಡಿಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ. ಅಂಚಿನಿಂದ ನುಸುಳಿದ ನೀರು ಹೊರಬರಲಾರದೆ, ಯಾರ ಕಣ್ಣಿಗೂ ಬೀಳದೆ, ತಗಡನ್ನು ತಿನ್ನುತ್ತ ಹೋಗುತ್ತದೆ.

ಹವೆಯ ತೇವವನ್ನೂ ಗಮನಿಸಬೇಕು. ಐಸೊಸಯನೇಟ್ ನೀರಿನೊಡನೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುವುದರಿಂದ, ಒದ್ದೆ ಮೈಯ ಮೇಲೆ ಅಥವಾ ತೇವ ಹೆಚ್ಚಿದ ದಿನ ಸಿಂಪಡಿಸಿದ ಪದರದಲ್ಲಿ ಗುಳ್ಳೆಗಳು ಏಳುತ್ತವೆ. ಗಾಳಿಯ ತೇವ ಇಬ್ಬನಿಯಾಗಿ ಕೂರುವ ಉಷ್ಣತೆಗಿಂತ ಮೈಯ ಉಷ್ಣತೆ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಲೇಪದ ಕೆಲಸದವರು ಪಾಲಿಸುವ ನಿಯಮ. ಕ್ಯಾಲಿಫೋರ್ನಿಯದ ಒಣಹವೆಯಲ್ಲಿ ಇದು ಅಷ್ಟಾಗಿ ಕಾಡದು. ಹೊಸ ಕಾರಿನ ತಳಕ್ಕೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸುವ ರೂಢಿಯಿರುವ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಜೀಪಿನ ಫೈಬರ್ ಟಾಪಿಗೋ ಪಿಕಪ್ಪಿನ ತೊಟ್ಟಿಗೋ ಇಂಥ ಲೇಪ ಹಚ್ಚಿಸುವವರು ಮಳೆಗಾಲವನ್ನು ಬಿಟ್ಟು ಬೇಸಗೆಯ ಒಣದಿನಗಳನ್ನು ಆರಿಸಿಕೊಳ್ಳುವುದು ಲೇಸು. ಬಣ್ಣವೂ ಬದಲಾಗುವುದಾದರೆ ಅದನ್ನು ನೋಂದಣಿ ಪತ್ರದಲ್ಲಿ ಬದಲಿಸಿಕೊಳ್ಳಬೇಕು.

> ಚೌಕಟ್ಟು: ಉಸಿರಿನ ಎಚ್ಚರ
>
> 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸಾವಿರಾರು ಜನರ ಪ್ರಾಣ ತೆಗೆದ ಮೀಥೈಲ್ ಐಸೊಸಯನೇಟ್ ಮತ್ತು ಬೆಡ್ ಲೈನರ್‌ನಲ್ಲಿರುವ ಎಂಡಿಐ, ಎಚ್‌ಡಿಐ ಎಂಬ ಸಂಯುಕ್ತಗಳು ಬೇರೆ ಬೇರೆ ವಸ್ತುಗಳು. ಭೋಪಾಲದ್ದು ಬಹು ಸುಲಭವಾಗಿ ಆವಿಯಾಗುವಂಥದ್ದು, ಇವು ಅಷ್ಟಾಗಿ ಆವಿಯಾಗವು. ಆದರೆ ಚುರುಕಾದ ಐಸೊಸಯನೇಟ್ ಗುಂಪು ಎಲ್ಲದರಲ್ಲಿಯೂ ಇದೆ, ಮತ್ತು ಗನ್ನಿನಿಂದ ಸಿಂಪಡಿಸಿದಾಗ ಅದು ಮಂಜಾಗಿ ಗಾಳಿಯಲ್ಲಿ ತೇಲುತ್ತದೆ.
>
> ಒಮ್ಮೆ ದೇಹ ಈ ವಸ್ತುವಿಗೆ ಒಗ್ಗದಂತಾದರೆ ಮುಂದೆ ಅತಿ ಸಣ್ಣ ಪ್ರಮಾಣವೂ ಉಬ್ಬಸವನ್ನು ಎಬ್ಬಿಸಬಲ್ಲದು. ಅಪಾಯದ ಮಟ್ಟ ಮೀರುವವರೆಗೂ ವಾಸನೆ ತಿಳಿಯದಿರಬಹುದಾದ್ದರಿಂದ ಮೂಗನ್ನು ನೆಚ್ಚುವಂತಿಲ್ಲ. ಬಟ್ಟೆಯ ಮುಖಗವುಸು ಸಾಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ, ಕೈಗವುಸು, ಮೈತುಂಬ ಉಡುಪು ಬೇಕು. ಇವಿಲ್ಲದ ಕಡೆ ಸಿಂಪಡಿಸುವುದನ್ನು ಕೈಬಿಟ್ಟು, ಬಯಲು ಗಾಳಿಯಲ್ಲಿ, ಡಬ್ಬಿಯ ಮೇಲಿನ ಎಚ್ಚರಿಕೆಗಳನ್ನು ಪಾಲಿಸಿ ರೋಲರ್‌ನಿಂದ ಬಳಿಯುವ ಬಗೆಯನ್ನು ಆರಿಸಿಕೊಳ್ಳುವುದೇ ಸರಿ.

ಕೊಳ್ಳುವವರ ಕಣ್ಣು

ಲೇಪ ಹೊದ್ದ ಹಳೆಯ ಬಗ್ಗಿಯನ್ನು ಕೊಳ್ಳಲು ಹೊರಟವರ ಕಷ್ಟ ಬೇರೆಯದು. ಬರಿಯ ಫೈಬರ್‌ಗ್ಲಾಸಿನ ಮೈಯನ್ನು ನಾಣ್ಯದ ಅಂಚಿನಿಂದ ತಟ್ಟುತ್ತ ಹೋದರೆ ಗಟ್ಟಿಯಾದ ಕಡೆ ಚುರುಕಾದ ಸದ್ದೂ, ಪದರಗಳು ಬಿಟ್ಟುಕೊಂಡ ಕಡೆ ಟೊಳ್ಳು ಸದ್ದೂ ಕೇಳಿಸುತ್ತವೆ. ದೋಣಿಗಳನ್ನೂ ಹೀಗೆಯೇ ಪರೀಕ್ಷಿಸುತ್ತಾರೆ. ಸದ್ದನ್ನು ನುಂಗುವ ಲೇಪದ ಮೇಲೆ ಈ ಪರೀಕ್ಷೆ ಮೊಂಡಾಗುತ್ತದೆ.

ಹೊರಮೈಗೆ ಮಾತ್ರ ಲೇಪವಿದ್ದರೆ ವಾಹನದ ಅಡಿಗೆ ತೂರಿ, ಮಡ್‌ಗಾರ್ಡಿನ ಒಳಭಾಗವನ್ನೂ ಡ್ಯಾಶ್‌ಬೋರ್ಡಿನ ಹಿಂಬದಿಯನ್ನೂ ದೀಪ ಹಿಡಿದು ನೋಡಬಹುದು. ಬಿಳಿಚಿಕೊಂಡ ರಾಳ, ಹರಿದ ಎಳೆ, ಬೇರೆ ಬಣ್ಣದ ಹೊಸ ಚಾಪೆ ಅಲ್ಲಿ ಕಾಣಸಿಗುತ್ತವೆ. ಒಳಮೈಗೆ ಮಾತ್ರ ಲೇಪವಿದ್ದರೆ ಹೊರಗಿನ ಜೆಲ್‌ಕೋಟೇ ಎಲ್ಲವನ್ನೂ ಹೇಳುತ್ತದೆ. ಎರಡೂ ಕಡೆ ಲೇಪ ಬಿದ್ದ ಬಗ್ಗಿಯಲ್ಲಿ, ಬಳಿಯುವ ಮುನ್ನ ತೆಗೆದಿಟ್ಟ ಚಿತ್ರಗಳನ್ನು ಮಾರುವವರು ತೋರಿಸಲಾರದೆ ಹೋದರೆ, ಮೈಯನ್ನು ರಿಪೇರಿಗೆ ಬಂದದ್ದೆಂದೇ ಎಣಿಸಿ ಬೆಲೆ ಕಟ್ಟಬೇಕು.